ದಪ್ಪ ಅಕ್ಷರದೊಳಗಿನ ಬಿಳಿ: ‘ಬಲೂ ತಮ್ಮ’ ಫಾಂಟಿನ ಗುಣ ಮತ್ತು ಬಳಕೆ

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಒಂದೇ ಒಂದು ಫಾಂಟಿನ ಬಗ್ಗೆ. ಅದರ ಹೆಸರು ‘ಬಲೂ ತಮ್ಮ’. ಹೆಸರು ಗೊತ್ತಿಲ್ಲದವರೂ ಅದನ್ನು ನೋಡಿಯಂತೂ ಇರುತ್ತೀರಿ. ಬೇಸಿಗೆ ಶಿಬಿರದ ಕರಪತ್ರದಲ್ಲಿ, ಅಡುಗೆ ವಿಡಿಯೊಗಳ ಮುಖಚಿತ್ರದಲ್ಲಿ, ಶಾಲೆಯ ಗೋಡೆಯ ಮೇಲಿನ ಫ್ಲೆಕ್ಸಿನಲ್ಲಿ ದಪ್ಪಗೆ, ಗುಂಡಗೆ, ಮೂಲೆಗಳೆಲ್ಲ ಮೆತ್ತಗಾದಂತೆ ಕಾಣುವ ಕನ್ನಡ ಅಕ್ಷರಗಳು ಎದುರಾದರೆ ಅವು ಈ ಫಾಂಟಿನವೇ ಆಗಿರುವ ಸಾಧ್ಯತೆ ಸಾಕಷ್ಟಿದೆ. ಇಷ್ಟು ಬಳಕೆಯಲ್ಲಿರುವ ಒಂದು ಅಕ್ಷರರೂಪವನ್ನು ನಾವು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು, ಅದು ಯಾಕೆ ಹಾಗಿದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಆಸೆ.

ಮೊದಲು ಅದರ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಮುಂಬೈಯ ‘ಏಕ್ ಟೈಪ್’ ಎಂಬ ಅಕ್ಷರವಿನ್ಯಾಸಕಾರರ ಬಳಗ ಇದನ್ನು ರೂಪಿಸಿತು. 2016ರ ಸುಮಾರಿಗೆ ಗೂಗಲ್ ಫಾಂಟ್ಸ್ ಮೂಲಕ ಇದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಬಲೂ ಎಂದರೆ ‘ಜಂಗಲ್ ಬುಕ್’ ಎಂಬ ಕಾಡಿನ ಕಥೆಯ ಕರಡಿ. ದಪ್ಪ ಮೈ, ಮೆತ್ತನೆ ಕೂದಲು, ಗಾಂಭೀರ್ಯವೂ ಇದೆ, ತುಂಟತನವೂ ಇದೆ. ದೇವನಾಗರಿ, ಗುಜರಾತಿ, ಗುರುಮುಖಿ, ಬಂಗಾಳಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳ ಎಂಬ ಒಂಬತ್ತು ಲಿಪಿಗಳಲ್ಲಿ, ಅವುಗಳ ಜೊತೆಗೆ ಉರ್ದುವಿಗೂ ಹೊಂದುವ ಅರಬಿ ಲಿಪಿಯಲ್ಲಿ, ಒಂದೇ ಗುಣದ ಅಕ್ಷರಗಳನ್ನು ಬರೆಯುವುದು ಈ ಯೋಜನೆಯ ಗುರಿಯಾಗಿತ್ತು. ಪ್ರತಿಯೊಂದು ಲಿಪಿಯ ಫಾಂಟಿನಲ್ಲೂ ರೋಮನ್ ಅಕ್ಷರಗಳು ಸೇರಿಯೇ ಬರುತ್ತವೆ.

ಹೆಸರಿಟ್ಟ ಬಗೆ ಸ್ವಾರಸ್ಯಕರವಾದುದು. ದೇವನಾಗರಿಯದು ಬರಿಯ ಬಲೂ, ಉಳಿದವುಗಳ ಹೆಸರಿಗೆ ಆಯಾ ಭಾಷೆಯಲ್ಲಿ ಅಣ್ಣ ಅಥವಾ ತಮ್ಮ ಎನ್ನುವ ಮಾತು ಸೇರಿದೆ. ಗುಜರಾತಿಗೆ ಬಲೂ ಭಾಯಿ, ಗುರುಮುಖಿಗೆ ಬಲೂ ಪಾಜಿ, ಬಂಗಾಳಿಗೆ ಬಲೂ ದಾ, ಒಡಿಯಾಕ್ಕೆ ಬಲೂ ಭಾಯಿನಾ, ಉರ್ದುವಿಗೆ ಬಲೂ ಭಾಯಿಜಾನ್, ಮಲಯಾಳಕ್ಕೆ ಬಲೂ ಚೇಟ್ಟನ್. ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ನಮಗೆ ತಮ್ಮ. ದಕ್ಷಿಣದಲ್ಲಿ ಅಣ್ಣನ ಸ್ಥಾನ ಮಲಯಾಳಿಗಳಿಗೆ ಮಾತ್ರ ಹೋಯಿತು ಎಂದು ನಾವು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ತಮ್ಮನಾದವನಿಗೆ ಮನೆಯಲ್ಲಿ ತುಂಟತನದ ಪರವಾನಗಿ ಇರುತ್ತದೆ, ಅದು ಈ ಫಾಂಟಿಗೆ ಬೇಕಾದ ಗುಣವೂ ಹೌದು.

ಇದು ಪಠ್ಯಕ್ಕಾಗಿ ಮಾಡಿದ ಫಾಂಟಲ್ಲ, ತಲೆಬರಹಕ್ಕಾಗಿ ಮಾಡಿದ ಫಾಂಟು. ಈ ಎರಡರ ನಡುವಿನ ವ್ಯತ್ಯಾಸ ಸ್ಪಷ್ಟವಿರಬೇಕು. ಪಠ್ಯದ ಅಕ್ಷರ ತನ್ನ ಮೇಲೆ ಕಣ್ಣು ನಿಲ್ಲದ ಹಾಗೆ ನೋಡಿಕೊಳ್ಳಬೇಕು, ಏಕೆಂದರೆ ಓದುವವನು ಮುಂದೆ ಸಾಗಬೇಕು. ತಲೆಬರಹದ ಅಕ್ಷರ ದಾರಿಹೋಕನನ್ನು ಅರೆಗಳಿಗೆ ನಿಲ್ಲಿಸಬೇಕು. ಯುರೋಪಿನಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಎಂಬ ಅರಿವು ಗಟ್ಟಿಯಾದದ್ದು 19ನೇ ಶತಮಾನದ ಆರಂಭದಲ್ಲಿ, ಲಂಡನ್ನಿನ ಬೀದಿಗಳಲ್ಲಿ ಭಿತ್ತಿಪತ್ರಗಳ ಪೈಪೋಟಿ ಶುರುವಾದಾಗ. ಪುಸ್ತಕದ ಅಕ್ಷರವನ್ನೇ ದೊಡ್ಡದು ಮಾಡಿದರೆ ಸಾಲದು ಎಂದು ಕಂಡುಕೊಂಡ ಅಚ್ಚಿನವರು ದಪ್ಪ ಗೆರೆಗಳನ್ನು ವಿಪರೀತ ಊದಿಸಿದ ಹೊಸ ಅಕ್ಷರಗಳನ್ನು ಎರಕ ಹೊಯ್ದರು. ಅದೇ ಹಾದಿಯಲ್ಲಿ ನೂರು ವರ್ಷ ಮುಂದೆ ಬಂದರೆ ಅಮೆರಿಕದ ಶಿಕಾಗೋದಲ್ಲಿ ಆಸ್ವಾಲ್ಡ್ ಕೂಪರ್ ಎಂಬವರು ರೂಪಿಸಿದ, 1922ರಲ್ಲಿ ಹೊರಬಂದ ‘ಕೂಪರ್ ಬ್ಲ್ಯಾಕ್’ ಸಿಗುತ್ತದೆ. ದಪ್ಪವಾಗಿದ್ದೂ ಗದರಿಸದ, ಅಂಚುಗಳೆಲ್ಲ ಮೃದುವಾದ ಅಕ್ಷರ ಅದು. ದಪ್ಪಗಿರುವುದು ಎಂದರೆ ಜೋರಾಗಿ ಕೂಗುವುದು ಎಂದೇ ಅರ್ಥವಾಗಬೇಕಿಲ್ಲ, ಸಲುಗೆಯಿಂದ ಮಾತನಾಡಿಸುವುದೂ ಆಗಬಹುದು ಎಂದು ಅದು ತೋರಿಸಿಕೊಟ್ಟಿತು. ಬಲೂ ಆ ವಂಶಕ್ಕೆ ಸೇರಿದ್ದು ಎಂದು ನಾನು ಭಾವಿಸುತ್ತೇನೆ, ಕೂಪರ್ ಬ್ಲ್ಯಾಕ್‌ನ ಗೆರೆಗೂ ಇದರ ಗೆರೆಗೂ ನೇರ ಸಂಬಂಧವಿಲ್ಲದಿದ್ದರೂ.

ಕನ್ನಡದಲ್ಲಿ ಈ ಕೆಲಸ ಬಹುಕಾಲ ಮೊಳೆಗಳಿಂದ, ಅಂದರೆ ಅಚ್ಚಿಗಾಗಿ ಎರಕ ಹೊಯ್ದ ಲೋಹದ ಅಕ್ಷರಗಳಿಂದ ಆಗಲಿಲ್ಲ, ಕೈಯಿಂದ ಆಯಿತು. ಮೊಳೆ ಜೋಡಿಸುವ ಕಾಲದ ಮುದ್ರಣಾಲಯಗಳಲ್ಲಿ ತಲೆಬರಹಕ್ಕೆಂದು ಇರುತ್ತಿದ್ದ ದಪ್ಪ ಮೊಳೆಗಳ ಆಯ್ಕೆ ಬಹಳ ಸಣ್ಣದು. ಹಾಗಾಗಿ ಪುಸ್ತಕದ ಹೊದಿಕೆಗೋ ಸಿನಿಮಾದ ಜಾಹೀರಾತಿಗೋ ವಾರಪತ್ರಿಕೆಯ ಕಥೆಯ ಶೀರ್ಷಿಕೆಗೋ ಕಲಾವಿದರು ಅಕ್ಷರ ಬರೆದುಕೊಡುತ್ತಿದ್ದರು, ಅದಕ್ಕೆ ಬ್ಲಾಕ್ ಮಾಡಿಸಿ ಅಚ್ಚು ಹಾಕುತ್ತಿದ್ದರು. ನಗೆಬರಹದ ಶೀರ್ಷಿಕೆ ಕುಣಿಯುತ್ತಿತ್ತು, ಪತ್ತೇದಾರಿ ಕಥೆಯದು ರಕ್ತ ತೊಟ್ಟಿಕ್ಕಿಸುತ್ತಿತ್ತು, ಪೌರಾಣಿಕ ಚಿತ್ರದ ಹೆಸರಿನ ತಲೆಕಟ್ಟುಗಳಿಗೆ ಕಿರೀಟದ ಗತ್ತಿರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕಲಾವಿದರ ಕೆಲಸ ಕಡಿಮೆಯಾಯಿತು, ಆದರೆ ಆ ವೈವಿಧ್ಯ ತಕ್ಷಣ ಫಾಂಟುಗಳಿಗೆ ಇಳಿಯಲಿಲ್ಲ. ಪುಟ ಜೋಡಿಸುವ ಡಿಟಿಪಿ ತಂತ್ರಾಂಶಗಳ ಜೊತೆ ಕೆಲವು ಅಲಂಕಾರದ ಫಾಂಟುಗಳು ಬಂದವು ನಿಜ. ಆದರೆ ಅವು ಒಂದೊಂದು ತಂತ್ರಾಂಶದ ಸ್ವಂತ ಸಂಕೇತ ವ್ಯವಸ್ಥೆಗೆ ಕಟ್ಟುಬಿದ್ದವಾಗಿದ್ದು, ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆದರೆ ಗೀಚುಗಳಾಗಿ ಕಾಣುತ್ತಿತ್ತು. ಇತ್ತ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಸಂಕೇತ ವ್ಯವಸ್ಥೆ ಯೂನಿಕೋಡ್; ಯೂನಿಕೋಡ್ ಕನ್ನಡಕ್ಕೆ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದದ್ದು ‘ತುಂಗಾ’. ಅದು ಪಠ್ಯದ ಫಾಂಟು, ಸೌಮ್ಯ, ತೆಳು. ಅದನ್ನೇ ದೊಡ್ಡದು ಮಾಡಿ, ಕೆಂಪು ಬಣ್ಣ ಬಳಿದು, ಶೀರ್ಷಿಕೆ ಎಂದು ಕರೆದ ಜಾಲತಾಣಗಳನ್ನು ನೀವೂ ನೋಡಿದ್ದೀರಿ. ಬಲೂ ತಮ್ಮ ಬಂದದ್ದು ಈ ಬರಗಾಲದ ನಡುವೆ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಕನ್ನಡದ ಅಕ್ಷರವನ್ನು ದಪ್ಪ ಮಾಡುವುದು ಯಾಕೆ ಕಷ್ಟ?

ರೋಮನ್ ಲಿಪಿಯ ದೊಡ್ಡ ‘ಟಿ’ ಅಕ್ಷರವನ್ನು ನೆನೆಸಿಕೊಳ್ಳಿ. ಮೇಲೊಂದು ಅಡ್ಡಗೆರೆ, ಕೆಳಗೊಂದು ಕಂಬ. ಎಷ್ಟು ದಪ್ಪ ಮಾಡಿದರೂ ಅದು ‘ಟಿ’ಯಾಗಿಯೇ ಉಳಿಯುತ್ತದೆ, ಏಕೆಂದರೆ ಅದರೊಳಗೆ ಮುಚ್ಚಿಹೋಗುವ ಜಾಗವೇ ಇಲ್ಲ. ಈಗ ನಮ್ಮ ‘ಕ’ವನ್ನು ನೋಡಿ. ನೆತ್ತಿಯಲ್ಲಿ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ಸುತ್ತು. ಮೇಲಿನಿಂದ ಕೆಳಕ್ಕೆ ಒಂದು ದಾರ ಇಳಿಬಿಟ್ಟರೆ ಅದು ಮೂರು ಗೆರೆಗಳನ್ನಾದರೂ ದಾಟುತ್ತದೆ. ಅಕ್ಷರದ ಎತ್ತರ ನೂರು ಅಳತೆಯಾಗಿದ್ದು ಪ್ರತಿ ಗೆರೆಯ ದಪ್ಪ ಇಪ್ಪತ್ತಾಯಿತು ಎಂದುಕೊಂಡರೆ ಅರುವತ್ತು ಗೆರೆಗಳಿಗೇ ಹೋಯಿತು. ಉಳಿದ ನಲವತ್ತರಲ್ಲಿ ಎರಡು ಬಿಳಿ ಜಾಗಗಳು ಬದುಕಬೇಕು. ಗೆರೆಯನ್ನು ಇಪ್ಪತ್ತೆಂಟಕ್ಕೆ ಏರಿಸಿದರೆ ಆ ಎರಡು ಬಿಳಿಗಳಿಗೂ ಸೇರಿ ಉಳಿಯುವುದು ಹದಿನಾರು ಮಾತ್ರ. ಅಷ್ಟು ಹೊತ್ತಿಗೆ ‘ಕ’ ಒಂದು ಕರಿ ಮುದ್ದೆಯಾಗಿರುತ್ತದೆ. ಆದ್ದರಿಂದ ದಪ್ಪ ಕನ್ನಡ ಫಾಂಟನ್ನು ಬರೆಯುವವನು ನಿಜವಾಗಿ ಬರೆಯುವುದು ಕಪ್ಪನ್ನಲ್ಲ, ಕಪ್ಪಿನೊಳಗೆ ಉಳಿಯುವ ಬಿಳಿಯನ್ನು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಬಲೂ ತಮ್ಮದ ಬಹುಪಾಲು ನಿರ್ಧಾರಗಳು ಅರ್ಥವಾಗುತ್ತವೆ.

ಒಂದು ಉದಾಹರಣೆಯನ್ನು ನಿಧಾನವಾಗಿ ಬಿಡಿಸೋಣ. ಪರದೆಯ ಮೇಲೆ ‘ಮಕ್ಕಳ ಕಥೆ’ ಎಂದು ಬರೆದಿದ್ದೇನೆ. ಇಂಥ ಫಾಂಟಿಗೆ ಇದಕ್ಕಿಂತ ಸಹಜವಾದ ಶೀರ್ಷಿಕೆ ಇಲ್ಲ, ಆದರೆ ಅಕ್ಷರ ಬರೆಯುವವನಿಗೆ ಇದು ಸುಲಭದ ಪರೀಕ್ಷೆಯಲ್ಲ. ‘ಮ’ದಿಂದ ಆರಂಭಿಸಿ. ವ, ಪ, ಮ ಈ ಮೂರೂ ಒಂದೇ ಮೈಕಟ್ಟಿನವು. ತುದಿ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ, ಬಾಲ ಎಲ್ಲಿಗೆ ಹೋಗುತ್ತದೆ ಎಂಬುದರಿಂದಷ್ಟೇ ನಾವು ಅವನ್ನು ಬೇರೆ ಬೇರೆ ಎಂದು ಗುರುತಿಸುತ್ತೇವೆ. ಗೆರೆ ದಪ್ಪವಾದಂತೆ ಆ ತೆರಪು ಕಿರಿದಾಗುತ್ತದೆ. ಹೀಗಾಗಿ ದಪ್ಪ ಫಾಂಟಿನಲ್ಲಿ ‘ಮ’ ಅಗಲವಾಗಲೇಬೇಕು; ಬಾಲಕ್ಕೆ ಉಸಿರಾಡಲು ಜಾಗ ಬೇಕು. ಅನಂತರ ‘ಕ್ಕ’. ಮೇಲಿನ ‘ಕ’ದ ಪಾಡನ್ನು ಆಗಲೇ ಹೇಳಿದೆ. ಕೆಳಗಿನ ಒತ್ತು ಇನ್ನೂ ಚಿಕ್ಕದು. ದೊಡ್ಡ ಅಕ್ಷರವನ್ನೇ ಅರ್ಧಕ್ಕೆ ಕುಗ್ಗಿಸಿ ಕೆಳಗಿಟ್ಟರೆ ಅದರ ಗೆರೆಯೂ ಅರ್ಧ ದಪ್ಪಕ್ಕಿಳಿದು, ಒತ್ತು ಬೇರೆ ಯಾವುದೋ ಫಾಂಟಿನಿಂದ ಸಾಲ ತಂದ ಹಾಗೆ ಕಾಣುತ್ತದೆ. ಗೆರೆಯ ದಪ್ಪವನ್ನು ಮೇಲಿನಷ್ಟೇ ಇಟ್ಟರೆ ಒತ್ತಿನ ಒಳಗಿನ ಬಿಳಿ ಪೂರ್ತಿ ಮುಚ್ಚಿಹೋಗುತ್ತದೆ. ಈ ಎರಡು ಅಪಾಯಗಳ ನಡುವೆ ಒಂದು ಹದ ಕಂಡುಕೊಂಡು, ಪ್ರತಿ ಒತ್ತನ್ನೂ ಹೊಸದಾಗಿಯೇ ಬರೆಯಬೇಕು, ಆಮೇಲೆ ಅದು ಮೇಲಿನ ಅಕ್ಷರಕ್ಕೂ ಪಕ್ಕದ ಅಕ್ಷರಕ್ಕೂ ತಾಗದ ಹಾಗೆ ಕೂರಿಸಬೇಕು. ಕನ್ನಡದ ವರ್ಣಮಾಲೆ ಮಗ್ಗಿಯ ಹಾಗೆ ಬಾಯಿಪಾಠವಾಗುವಷ್ಟು ಚಿಕ್ಕದಿದ್ದರೂ ಫಾಂಟಿನೊಳಗೆ ನೂರಾರು ಆಕೃತಿಗಳು ಇರುವುದು ಈ ಕಾರಣಕ್ಕೆ.

ಇನ್ನು ‘ಥೆ’. ದ, ಧ, ಥ ಈ ಮೂರನ್ನು ಸಾಲಾಗಿ ಇಟ್ಟು ನೋಡಿ. ‘ದ’ಕ್ಕೆ ಕೆಳಗೊಂದು ಸೀಳು ಗೆರೆ ಹಾಕಿದರೆ ‘ಧ’, ಅದರ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಥ’. ‘ರ’ಕ್ಕೆ ಚುಕ್ಕಿ ಇಟ್ಟರೆ ‘ಠ’. ‘ಪ’ದ ಹೊಟ್ಟೆ ಸೀಳಿದರೆ ‘ಷ’. ಶಾಲೆಯಲ್ಲಿ ನಾವೆಲ್ಲ ‘ಹೊಟ್ಟೆ ಸೀಳಿದ ಷ’ ಎಂದೇ ಕಲಿತವರು. ತೆಳು ಅಕ್ಷರದಲ್ಲಿ ಈ ಸೀಳು, ಈ ಚುಕ್ಕಿ ನಿರಾಯಾಸವಾಗಿ ಕೂರುತ್ತವೆ. ದಪ್ಪ ಅಕ್ಷರದಲ್ಲಿ ಹೊಟ್ಟೆಯೊಳಗೆ ಉಳಿದಿರುವ ಬಿಳಿಯೇ ಒಂದು ಕಿಂಡಿಯಷ್ಟು, ಅದರೊಳಗೆ ಚುಕ್ಕಿಯೂ ಬೇಕು, ಚುಕ್ಕಿಯ ಸುತ್ತ ಮತ್ತೆ ಬಿಳಿಯೂ ಬೇಕು. ಅದನ್ನು ಸಣ್ಣ ಅಳತೆಯಲ್ಲಿ ಅಗ್ಗದ ಕಾಗದದ ಮೇಲೆ ಮುದ್ರಿಸಿದಾಗ ಶಾಯಿ ಹರಡಿ ‘ಕಥೆ’ಯ ಚುಕ್ಕಿ ಮುಳುಗಿಹೋಗುತ್ತದೆ, ‘ಪಾಠ’ ‘ಪಾರ’ವಾಗುತ್ತದೆ. ‘ಧನ’ದ ಸೀಳು ಮಾಯವಾದರೆ ಏನಾಗುತ್ತದೆ ಎಂದು ಬ್ಯಾಂಕಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಇಂಥ ಫಾಂಟುಗಳು ಇದನ್ನು ನಿಭಾಯಿಸುವುದು ಹೇಗೆ? ಒಂದು, ಗೆರೆಗಳು ಪರಸ್ಪರ ಕೂಡುವ ಸಂದಿಗಳಲ್ಲಿ ದಪ್ಪವನ್ನು ಗುಟ್ಟಾಗಿ ಕಡಿಮೆ ಮಾಡಲಾಗುತ್ತದೆ. ದೂರದಿಂದ ನೋಡಿದರೆ ಗೆರೆಯುದ್ದಕ್ಕೂ ಒಂದೇ ದಪ್ಪ ಎಂದು ತೋರುತ್ತದೆ. ಹತ್ತು ಪಟ್ಟು ಹಿಗ್ಗಿಸಿ ನೋಡಿದರೆ ಸಂದುಗಳು ಸೊರಗಿರುವುದು ಗೊತ್ತಾಗುತ್ತದೆ. ಇನ್ನೊಂದು, ಅಡ್ಡಗೆರೆಗಳನ್ನು ಕಂಬದ ಗೆರೆಗಳಿಗಿಂತ ತುಸು ತೆಳ್ಳಗೆ ಇಡಲಾಗುತ್ತದೆ, ಏಕೆಂದರೆ ನಮ್ಮ ಲಿಪಿಯಲ್ಲಿ ಒಂದರ ಮೇಲೊಂದು ಪೇರುವುದು ಅಡ್ಡಗೆರೆಗಳೇ. ಅಕ್ಷರಗಳನ್ನು ಅಗಲ ಮಾಡುವುದಂತೂ ಇದ್ದೇ ಇದೆ. ನೋಡುವವನಿಗೆ ಇವೊಂದೂ ಕಾಣಬಾರದು, ಅವನಿಗೆ ಕಾಣಬೇಕಾದದ್ದು ಹೊಟ್ಟೆ ತುಂಬಿದ ಕರಡಿಮರಿಯ ನೆಮ್ಮದಿ ಮಾತ್ರ.

ಆಟದ ಗುಣ ಎಲ್ಲಿದೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಹುಡುಕಬೇಕು. ಹೊಸಬರು ‘ತಮಾಷೆಯ ಫಾಂಟು’ ಮಾಡಹೊರಟಾಗ ಸಾಮಾನ್ಯವಾಗಿ ಅಕ್ಷರಗಳನ್ನು ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಕುಣಿಸುತ್ತಾರೆ, ಅನುಸ್ವಾರದಲ್ಲಿ ಕಣ್ಣು ಬಿಡಿಸುತ್ತಾರೆ, ಕೊಂಬನ್ನು ನಿಜವಾದ ಕೊಂಬು ಮಾಡುತ್ತಾರೆ. ಅದು ಒಂದು ಸಲ ನಗಿಸುತ್ತದೆ, ಎರಡನೆಯ ಶೀರ್ಷಿಕೆಗೆ ಹಳಸುತ್ತದೆ. ಬಲೂ ತಮ್ಮದಲ್ಲಿ ಅಂಥ ಚೇಷ್ಟೆ ಒಂದೂ ಇಲ್ಲ. ಅಕ್ಷರಗಳು ಒಂದೇ ನೆಲದ ಮೇಲೆ ಶಿಸ್ತಾಗಿ ನಿಂತಿವೆ. ಲವಲವಿಕೆ ಇರುವುದು ಗೆರೆಯ ಕೊನೆಗಳಲ್ಲಿ, ಮೂಲೆಗಳ ಮೆದುವಿನಲ್ಲಿ, ಮುಖ್ಯವಾಗಿ ತಲೆಕಟ್ಟಿನಲ್ಲಿ. ನಮ್ಮ ಲಿಪಿಯಲ್ಲಿ ತಲೆಕಟ್ಟು ಎಂಬುದು ಒಂದು ಸೊಗಸಾದ ಅವಕಾಶ. ಬ, ಲ, ಜ, ಟ, ಣ ಇವಕ್ಕೆ ತಲೆಕಟ್ಟೇ ಇಲ್ಲ. ಕ, ತ, ದ, ನ ಇವಕ್ಕೆ ಇದೆ. ಅದೇ ‘ಕ’ ‘ಕಿ’ಯಾದರೆ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ. ಹಾಗಾಗಿ ದೇವನಾಗರಿಯ ಶಿರೋರೇಖೆಯಂತೆ ಇಡೀ ಪದದ ಮೇಲೆ ಒಂದೇ ತೊಲೆ ಹಾಯುವುದಿಲ್ಲ, ಪದದ ಮೇಲಂಚು ಏರಿಳಿಯುತ್ತಲೇ ಇರುತ್ತದೆ. ಕನ್ನಡದ ಪದಕ್ಕೆ ಕುಣಿತ ಹುಟ್ಟಿನಿಂದಲೇ ಇದೆ, ವಿನ್ಯಾಸಕಾರ ಅದನ್ನು ಕೆಡಿಸದಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ರೋಮನ್ ಅಕ್ಷರಗಳ ಬಗ್ಗೆಯೂ ಎರಡು ಮಾತು. ಬಲೂ ಕುಟುಂಬದ ಸಣ್ಣ ರೋಮನ್ ಅಕ್ಷರಗಳಲ್ಲಿ ಕಂಬವೂ ಕಮಾನೂ ಸೇರುವಲ್ಲಿ ಹೊರಚಾಚುವ ಚೂಪು ತುದಿಗಳನ್ನು ತೆಗೆದುಹಾಕಲಾಗಿದೆ. ಕಂಬ ತಾನೇ ಬಾಗಿ ಕಮಾನಾಗುತ್ತದೆ. ರೋಮನ್ ಲಿಪಿಗೆ ಇದು ಒಂದು ಶೈಲಿಯಷ್ಟೆ, ಆದರೆ ಸುತ್ತುಗಳಿಂದಲೇ ಆದ ಕನ್ನಡದ ಪಕ್ಕದಲ್ಲಿ ಇಟ್ಟಾಗ ಅದರಿಂದ ದೊಡ್ಡ ಅನುಕೂಲವಿದೆ. 2024ರಲ್ಲಿ ಕರ್ನಾಟಕದಲ್ಲಿ ನಾಮಫಲಕಗಳ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂದು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಎಷ್ಟೋ ಅಂಗಡಿಗಳವರು ಇದ್ದ ಇಂಗ್ಲಿಷ್ ಫಲಕದ ಮೇಲೆ ಕೈಗೆ ಸಿಕ್ಕ ಕನ್ನಡ ಫಾಂಟಿನಲ್ಲಿ ಹೆಸರು ಬರೆಸಿದರು. ಇಂಗ್ಲಿಷ್ ಹೆಸರಿಗೆ ಒಂದು ಮುಖ, ಕನ್ನಡ ಹೆಸರಿಗೆ ಇನ್ನೊಂದು. ಒಂದು ದಪ್ಪ, ಇನ್ನೊಂದು ಸೊರಗಿದ್ದು. ಕನ್ನಡಕ್ಕೆ ಜಾಗ ಸಿಕ್ಕಿತು, ರೂಪ ಸಿಗಲಿಲ್ಲ. ಎರಡು ಲಿಪಿಗಳನ್ನೂ ಒಟ್ಟಿಗೇ ಕೂರಿಸಿ, ಒಂದರ ಕಪ್ಪು ಇನ್ನೊಂದರ ಕಪ್ಪಿಗೆ ಸಮನಾಗುವಂತೆ ತೂಗಿ ಬರೆದ ಕುಟುಂಬಗಳ ನಿಜವಾದ ಬೆಲೆ ಇಂಥಲ್ಲಿ ತಿಳಿಯುತ್ತದೆ. ಮಕ್ಕಳ ಬಟ್ಟೆ ಅಂಗಡಿ, ಐಸ್‌ಕ್ರೀಂ ಅಂಗಡಿ, ಆಟಿಕೆಯ ಮಳಿಗೆ, ಚಾಟ್ಸ್ ಗಾಡಿ ಇವಕ್ಕೆಲ್ಲ ಬಲೂ ತಮ್ಮ ಚೆನ್ನಾಗಿ ಹೊಂದುತ್ತದೆ. ರೇಷ್ಮೆ ಸೀರೆಯ ಮಳಿಗೆಗೆ ನಾನಂತೂ ಸೂಚಿಸುವುದಿಲ್ಲ.

ಎಲ್ಲಿ ಬೇಡ ಎಂಬುದನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು. 2012ರ ಜುಲೈ 4ರಂದು ಜಿನೀವಾ ಬಳಿಯ ಸೆರ್ನ್‌ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನಿನಂಥ ಕಣ ಸಿಕ್ಕಿದೆ ಎಂದು ಪ್ರಕಟಿಸಿದಾಗ ಅಟ್ಲಾಸ್ ಪ್ರಯೋಗದ ಪರವಾಗಿ ಫ್ಯಾಬಿಯೋಲಾ ಜನೋಟ್ಟಿ ಅವರು ತೋರಿಸಿದ ಪುಟಗಳು ‘ಕಾಮಿಕ್ ಸಾನ್ಸ್’ ಎಂಬ ಫಾಂಟಿನಲ್ಲಿದ್ದವು. ಅದು ವಿನ್ಸೆಂಟ್ ಕೊನಾರ್ ಅವರು 1994ರಲ್ಲಿ ಮೈಕ್ರೋಸಾಫ್ಟಿನ ಒಂದು ತಂತ್ರಾಂಶದಲ್ಲಿ ವ್ಯಂಗ್ಯಚಿತ್ರದ ನಾಯಿಯೊಂದು ಆಡುವ ಮಾತಿಗಾಗಿ ರೂಪಿಸಿದ ಅಕ್ಷರ. ಕಣದ ಜೊತೆಗೆ ಫಾಂಟೂ ಜಗತ್ತಿನ ಹರಟೆಯಾಯಿತು. ನನಗೆ ಆ ನಗೆಯಲ್ಲಿ ಪಾಲಿಲ್ಲ. ಅವರ ಭೌತವಿಜ್ಞಾನ ಫಾಂಟಿನಿಂದ ಕೆಡಲಿಲ್ಲ. ಆದರೆ ಅಕ್ಷರದ ದನಿಗೂ ಮಾತಿನ ದನಿಗೂ ಹೊಂದದಿದ್ದರೆ ನೋಡುವವರ ಗಮನ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸ್, ಆಸ್ಪತ್ರೆಯ ಎಚ್ಚರಿಕೆಯ ಫಲಕ, ನ್ಯಾಯಾಲಯದ ಪ್ರಕಟಣೆ ಇವುಗಳಲ್ಲಿ ಬಲೂ ತಮ್ಮ ಕಂಡಾಗ ನನಗೆ ಮುಜುಗರವಾಗುತ್ತದೆ. ಶ್ರದ್ಧಾಂಜಲಿಯ ‘ದ್ಧ’ದಲ್ಲಿ ಒತ್ತಿನ ಸೀಳೂ ಕಾಣದೆ ಹೋದರೆ ಅಲ್ಲಿ ತಪ್ಪು ಎರಡಾಯಿತು.

ಮಕ್ಕಳ ಪುಸ್ತಕದ ವಿಷಯದಲ್ಲಿ ನನ್ನ ನಿಲುವು ಕೆಲವರಿಗೆ ಒಪ್ಪಿಗೆಯಾಗದಿರಬಹುದು. ಹೊದಿಕೆಯ ಮೇಲೆ, ಅಧ್ಯಾಯದ ಹೆಸರಿಗೆ, ‘ಢಣ್’ ‘ಧಡಾರ್’ ಮುಂತಾದ ಸದ್ದುಗಳಿಗೆ ಈ ಫಾಂಟು ಬಳಸಿ. ಒಳಗಿನ ಕಥೆಯನ್ನು ಇದರಲ್ಲಿ ಜೋಡಿಸಬೇಡಿ. ಮಗುವಿಗೆ ಇಷ್ಟವಾಗುವುದು ಬೇರೆ, ಮಗುವಿಗೆ ಓದಲು ಸುಲಭವಾಗುವುದು ಬೇರೆ. ಈಗತಾನೇ ಅಕ್ಷರ ಕೂಡಿಸಲು ಕಲಿಯುತ್ತಿರುವ ಕಣ್ಣಿಗೆ ‘ದ’ಕ್ಕೂ ‘ಧ’ಕ್ಕೂ, ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ಢಾಳಾಗಿ ಕಾಣಬೇಕು. ದೊಡ್ಡವರಾದ ನಾವು ಪದದ ಒಟ್ಟು ಆಕಾರದಿಂದ, ಸಂದರ್ಭದಿಂದ ಊಹಿಸಿ ಓದಿಬಿಡುತ್ತೇವೆ. ಮಗುವಿನ ಹತ್ತಿರ ಆ ಊಹೆಯ ಬಂಡವಾಳ ಇನ್ನೂ ಕೂಡಿಲ್ಲ. ಒಳಪುಟಕ್ಕೆ ತೆರಪಾದ, ಮಧ್ಯಮ ದಪ್ಪದ ಫಾಂಟು ಇರಲಿ.

ಇನ್ನು ಕೆಲಸಕ್ಕೆ ಕೂತಾಗ ಎದುರಾಗುವ ತೊಡಕುಗಳು. ಬಲೂ ತಮ್ಮದ ಮೊದಲ ಆವೃತ್ತಿಯಲ್ಲಿ ಇದ್ದದ್ದು ಒಂದೇ ತೂಕ, ಅಂದರೆ ಗೆರೆಯ ದಪ್ಪದ ಒಂದೇ ಮಟ್ಟ. ಅದು ಎಷ್ಟೇ ದಪ್ಪವಾಗಿದ್ದರೂ ಕಡತದ ಲೆಕ್ಕದಲ್ಲಿ ಅದು ‘ರೆಗ್ಯುಲರ್’. ಜಾಲಪುಟದಲ್ಲಿ ಶೀರ್ಷಿಕೆಗಳು ತಾವಾಗಿಯೇ ಬೋಲ್ಡ್ ಆಗುವುದು ರೂಢಿ. ಬೋಲ್ಡ್ ಕಡತ ಇಲ್ಲದಿದ್ದರೆ ಬ್ರೌಸರು ಸುಮ್ಮನಿರುವುದಿಲ್ಲ, ಇರುವ ಅಕ್ಷರಕ್ಕೇ ಇನ್ನೊಂದು ಪದರ ಕಪ್ಪು ಬಳಿದು ಹುಸಿ ಬೋಲ್ಡ್ ಮಾಡಿಕೊಡುತ್ತದೆ. ಅಷ್ಟು ಕಷ್ಟಪಟ್ಟು ಉಳಿಸಿದ ಬಿಳಿಯೆಲ್ಲ ಅಲ್ಲಿಗೆ ಮುಗಿಯಿತು. ‘ಬಿ’ ಗುಂಡಿ ಒತ್ತುವ ಅಭ್ಯಾಸವಿರುವ ಡಿಟಿಪಿಯವರ ಕೈಯಲ್ಲೂ ಇದೇ ಆಗುತ್ತದೆ. ಅನಂತರ ಬಂದ ‘ಬಲೂ ತಮ್ಮ 2’ರಲ್ಲಿ ರೆಗ್ಯುಲರ್, ಮೀಡಿಯಂ, ಸೆಮಿಬೋಲ್ಡ್, ಬೋಲ್ಡ್, ಎಕ್ಸ್‌ಟ್ರಾಬೋಲ್ಡ್ ಎಂದು ಐದು ತೂಕಗಳಿವೆ, ಹಾಗಾಗಿ ಈಗ ಈ ತಪ್ಪಿಗೆ ಕಾರಣವಿಲ್ಲ, ಹಳೆಯ ಕಡತವನ್ನೇ ಇಟ್ಟುಕೊಂಡಿರುವವರು ಅದನ್ನು ಬದಲಿಸಿಕೊಳ್ಳಿ. ಸಣ್ಣ ಅಳತೆಯ ಉಪಶೀರ್ಷಿಕೆಗೆ ಮೀಡಿಯಂ, ದೊಡ್ಡ ಹೆಸರಿಗೆ ಎಕ್ಸ್‌ಟ್ರಾಬೋಲ್ಡ್ ಎಂದು ಹಂಚಿಕೊಂಡರೆ ಒಂದೇ ಕುಟುಂಬದಲ್ಲಿ ಪೂರ್ತಿ ಭಿತ್ತಿಪತ್ರ ಮುಗಿಯುತ್ತದೆ.

ಎರಡನೆಯದು ಸಾಲುಗಳ ಅಂತರ. ಇದರ ಸಾಲುಗಳು ತುಂಬ ದೂರ ದೂರ ಬೀಳುತ್ತವೆ ಎಂದು ದೂರುವವರು ಬಹಳ ಮಂದಿ. ಒತ್ತಿನ ಮೇಲೆ ಒತ್ತು ಬಂದಾಗಲೂ ಕತ್ತರಿಸಿಹೋಗದಿರಲಿ ಎಂದು ಜಾಗ ಬಿಟ್ಟಿರುತ್ತಾರೆ. ‘ರಾಷ್ಟ್ರೀಯ’, ‘ಲಕ್ಷ್ಮಿ’ ಎಂದು ಬರೆದು ನೋಡಿದರೆ ಕಾರಣ ತಿಳಿಯುತ್ತದೆ. ಭಿತ್ತಿಪತ್ರದಲ್ಲಿ ನೀವು ಅಂತರವನ್ನು ಖಂಡಿತ ಕುಗ್ಗಿಸಬಹುದು, ಕುಗ್ಗಿಸಲೂಬೇಕು, ಆದರೆ ಪದಗಳನ್ನು ನೋಡಿ ಕುಗ್ಗಿಸಿ. ‘ಪುಟ್ಟ ಮಕ್ಕಳ’ ಎಂಬ ಸಾಲಿನ ಕೆಳಗೆ ‘ಕೀಲುಗೊಂಬೆ’ ಎಂದು ಬಂದರೆ ಮೇಲಿನ ‘ಟ್ಟ’ದ ಒತ್ತು ಕೆಳಗಿನ ‘ಕೀ’ಯ ನೆತ್ತಿಗೆ ಗುದ್ದುತ್ತದೆ. ಪದಗಳನ್ನು ಒಂದಿಷ್ಟು ಎಡಕ್ಕೋ ಬಲಕ್ಕೋ ಸರಿಸಿ, ಒತ್ತು ಕೆಳಸಾಲಿನ ತಗ್ಗಿನೊಳಗೆ ಇಳಿಯುವ ಹಾಗೆ ಕೂರಿಸಿದರೆ ಎರಡು ಸಾಲುಗಳೂ ಹೆಣೆದುಕೊಂಡು ಒಂದೇ ಆಕೃತಿಯಾಗುತ್ತವೆ. ಹಿಂದಿನ ಅಕ್ಷರ ಕಲಾವಿದರು ಸಿನಿಮಾ ಹೆಸರುಗಳಲ್ಲಿ ಮಾಡುತ್ತಿದ್ದದ್ದು ಇದನ್ನೇ. ಈ ಕೆಲಸವನ್ನು ಯಂತ್ರ ತಾನಾಗಿ ಮಾಡಿಕೊಡುವುದಿಲ್ಲ.

ಅಕ್ಷರಕ್ಕೆ ಸುತ್ತಲೂ ಬಿಳಿ ಅಥವಾ ಹಳದಿ ಅಂಚು ಕೊಡುವುದು ಈಗಿನ ಫ್ಯಾಷನ್. ಅಂಚನ್ನು ಅಕ್ಷರದ ಹೊರಗೆರೆಯ ನಡುವಿಗೆ ಹಾಕಿದರೆ ಅರ್ಧ ಅಂಚು ಒಳಮುಖವಾಗಿ ಬೆಳೆದು ಅಕ್ಷರದ ಕಪ್ಪನ್ನೇ ತಿಂದು ಗೆರೆಯನ್ನು ಸೊರಗಿಸುತ್ತದೆ. ಅಂಚು ಹೊರಮುಖವಾಗಿ ಮಾತ್ರ ಬೆಳೆಯುವಂತೆ ಇಡಿ, ಅಕ್ಷರದ ಹಿಂದಿನ ಪದರದಲ್ಲಿ ಇಡಿ. ತೂಕವನ್ನು ಬೇಕಾದ ಹಾಗೆ ಏರಿಳಿಸಬಹುದಾದ ವೇರಿಯಬಲ್ ಫಾಂಟುಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಅಂಚು ಕೊಟ್ಟಾಗ ಆ ಒಳಗೆರೆಗಳೆಲ್ಲ ಅಕ್ಷರದ ಮೈಮೇಲೆ ಗಾಯದ ಗೀರಿನಂತೆ ಏಳುತ್ತವೆ. ಮೊದಲು ಆಕೃತಿಗಳನ್ನು ಒಂದುಗೂಡಿಸಿಕೊಂಡು ಆಮೇಲೆ ಅಂಚು ಹಾಕುವುದು ಅದಕ್ಕೆ ಪರಿಹಾರ. ಅಕ್ಷರಗಳ ನಡುವೆ ಕೃತಕವಾಗಿ ಅಂತರ ಹೆಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ದೀರ್ಘವೂ ಒತ್ತೂ ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿದು ನಿಲ್ಲುತ್ತವೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ. ಉಚಿತ ಎಂದರೆ ವ್ಯಾಪಾರಕ್ಕೂ ಬಳಸಬಹುದೇ ಎಂದು ಒಬ್ಬರು ಕೇಳಿದರು. ಬಳಸಬಹುದು. ಇದು ಎಸ್‌ಐಎಲ್ ಎಂಬ ಸಂಸ್ಥೆ ರೂಪಿಸಿದ ಮುಕ್ತ ಫಾಂಟ್ ಪರವಾನಗಿಯಡಿ ಬಂದಿದೆ. ಪೊಟ್ಟಣದ ಮೇಲೆ, ಫಲಕದ ಮೇಲೆ, ಪುಸ್ತಕದಲ್ಲಿ, ಆ್ಯಪಿನೊಳಗೆ ಹಣ ಕೊಡದೆ, ಅನುಮತಿ ಕೇಳದೆ ಬಳಸಬಹುದು. ತಿದ್ದಿ ಬೇರೆ ಫಾಂಟು ಮಾಡಲೂಬಹುದು, ಹಾಗೆ ಮಾಡಿದ್ದನ್ನು ಅದೇ ಪರವಾನಗಿಯಡಿಯಲ್ಲೇ ಹಂಚಬೇಕು. ಫಾಂಟಿನ ಕಡತವನ್ನೇ ಒಂದು ಸರಕಾಗಿ ಮಾರುವಂತಿಲ್ಲ.

ಎಲ್ಲರೂ ಇದನ್ನೇ ಬಳಸುತ್ತಿರುವುದರಿಂದ ಎಲ್ಲವೂ ಒಂದೇ ಥರ ಕಾಣುತ್ತಿದೆಯಲ್ಲ ಎಂಬುದು ಇನ್ನೊಬ್ಬರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪ. ಅದೇ ಬಳಗದವರು 2022ರಲ್ಲಿ ಹೊರತಂದ ‘ಅನೇಕ್ ಕನ್ನಡ’ದಲ್ಲಿ ತೂಕವನ್ನಷ್ಟೇ ಅಲ್ಲ, ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಬಲೂವಿನ ಮುದ್ದು ಅದರಲ್ಲಿ ಇಲ್ಲ, ಆದರೆ ಉದ್ದ ಹೆಸರನ್ನು ಕಿರಿದಾದ ಫಲಕದಲ್ಲಿ ಕೂರಿಸಬೇಕಾದಾಗ, ಅಥವಾ ಚಿಕ್ಕ ಹೆಸರಿನಿಂದ ಅಗಲವಾದ ಗೋಡೆ ತುಂಬಬೇಕಾದಾಗ ಅದು ಮಾಡುವ ಕೆಲಸವನ್ನು ಬಲೂ ತಮ್ಮ ಮಾಡಲಾರದು. ಅದೂ ಸಾಲದು ಎನ್ನಿಸಿದರೆ ಊರಿನ ಫಲಕ ಬರೆಯುವ ಕಲಾವಿದರ ಕೈಲಿ ಹೆಸರು ಬರೆಸಿ. ನಾಲ್ಕೈದು ಅಕ್ಷರಗಳ ಅಂಗಡಿಯ ಹೆಸರಿಗೆ ನೂರಾರು ಆಕೃತಿಗಳ ಫಾಂಟು ಬೇಕೇ ಬೇಕೆಂದಿಲ್ಲ, ಮತ್ತು ಆ ಹೆಸರಿನಲ್ಲಿ ಒಂದು ‘ಠ’ ಇದ್ದರೆ ಅದರ ಚುಕ್ಕಿಗೆ ಎಷ್ಟು ಜಾಗ ಬಿಡಬೇಕೆಂದು ಅವರಿಗೆ ಗೊತ್ತಿರುತ್ತದೆ.